ಕಡಲೆ ಹೊಲದ ಇಬ್ಬನಿ ಯಾರದು?

೧೯೮೪ರ ಮಳೆಗಾಲದಲ್ಲಿ ನಾನು ಸಹಾಯಕ ಕೃಷಿ ಅಧಿಕಾರಿಯಾಗಿ ಅಫಜಲಪುರ ತಾಲ್ಲೂಕಿಗೆ ಬಂದೆ. ಅದು ನನ್ನ ಮೊದಲ ಪೋಸ್ಟಿಂಗ್. ಹುಟ್ಟಿ ಬೆಳೆದದ್ದು ಪಕ್ಕದ ಆಳಂದದಲ್ಲಿ. ಹಾಗಾಗಿ ಮಣ್ಣು, ಮಾತು, ಜೋಳದ ರೊಟ್ಟಿ ಯಾವುದೂ ನನಗೆ ಹೊಸದಲ್ಲ. ಊರಿನವರಿಗೆ ನಾನು ಹೊಸಬಳು. ಹೆಣ್ಣುಮಗಳೊಬ್ಬಳು ಹೆಗಲಿಗೆ ಬ್ಯಾಗು ಹಾಕಿಕೊಂಡು ಹೊಲದ ಬದುವಿನ ಮೇಲೆ ನಡೆದು ಬಂದು, ಬೀಜ ಎಷ್ಟು ಆಳಕ್ಕೆ ಬೀಳಬೇಕು ಎಂದು ಗಂಡಸರಿಗೆ ಹೇಳುವುದನ್ನು ಆ ಹಳ್ಳಿಗಳು ಅದುವರೆಗೆ ನೋಡಿರಲಿಲ್ಲ. ನನ್ನನ್ನು ಏನೆಂದು ಕರೆಯಬೇಕೆಂಬುದೇ ಅವರಿಗೆ ಬಗೆಹರಿಯಲಿಲ್ಲ. ಸಾಹೇಬರು ಎನ್ನುವಂತಿಲ್ಲ, ತಂಗಿ ಎನ್ನುವಂತಿಲ್ಲ. ಕೊನೆಗೆ ಶಾಲೆಯ ಟೀಚರಿಗೆ ಅನ್ನುವಂತೆ ‘ಅಕ್ಕೋರು’ ಎಂದರು. ನಿವೃತ್ತಿಯ ದಿನದ ತನಕ ಆ ಹೆಸರು ನನ್ನ ಬೆನ್ನು ಬಿಡಲಿಲ್ಲ. ಬಿಡಲಿ ಎಂದು ನಾನೂ ಬಯಸಲಿಲ್ಲ.

ಅತನೂರ, ಕರಜಗಿ ಮತ್ತು ಅವುಗಳ ನಡುವಿನ ಕೆಲವು ಹಳ್ಳಿಗಳು ನನ್ನ ಪಾಲಿಗೆ ಬಂದಿದ್ದವು. ಪ್ರತಿ ಹಳ್ಳಿಗೂ ಸರದಿಯ ಮೇಲೆ ಹೋಗಬೇಕು, ಬೆಳೆ ನೋಡಬೇಕು, ರೋಗ ಕೀಟ ಕಂಡರೆ ಪರಿಹಾರ ಹೇಳಬೇಕು. ಇಷ್ಟು ಕೆಲಸ. ಕರಜಗಿಯ ನೀರಾವರಿ ಜಮೀನಿನಲ್ಲಿ ಕಬ್ಬು ಇತ್ತು. ಉಳಿದ ಕಡೆಯೆಲ್ಲ ಎರೆಮಣ್ಣಿನ ಹಿಂಗಾರಿ ಬೇಸಾಯ. ಹಿಂಗಾರಿ ಎಂದರೆ ಮಳೆಗಾಲ ಮುಗಿಯುವ ಹೊತ್ತಿಗೆ ಬಿತ್ತುವ ಬೆಳೆ. ಬಿತ್ತಿದ ಮೇಲೆ ಮಳೆಯ ಭರವಸೆ ಇಲ್ಲ. ಕಪ್ಪು ಮಣ್ಣು ತನ್ನ ಹೊಟ್ಟೆಯಲ್ಲಿ ಹಿಡಿದಿಟ್ಟ ತೇವದ ಮೇಲೆ ಜೋಳ, ಕಡಲೆ, ಕುಸುಬೆ ಬೆಳೆಯಬೇಕು. ಮಾಗಿಯಲ್ಲಿ ಬೆಳಗ್ಗೆ ಎದ್ದು ಹೊರಗೆ ಬಂದರೆ ಹೊಲವೆಲ್ಲ ಇಬ್ಬನಿಯಿಂದ ತೊಯ್ದಿರುತ್ತಿತ್ತು. ಬೆಳೆಗೆ ಅದು ಎಷ್ಟು ಉಪಯೋಗ ಎಂಬ ಬಗ್ಗೆ ಪುಸ್ತಕಗಳಲ್ಲಿ ವಾದವಿದೆ. ನಮ್ಮ ರೈತರಲ್ಲಿ ವಾದವಿರಲಿಲ್ಲ. ಕಡಲೆ ಇಬ್ಬನಿ ಉಂಡು ಬೆಳೆಯುತ್ತದೆ ಎಂದು ಅವರು ನಂಬಿದ್ದರು.

ಕಡಲೆ ಗಿಡದ ಇಬ್ಬನಿಗೆ ಇನ್ನೊಂದು ಗುಣವಿದೆ. ಗಿಡದ ಎಲೆ ಕಾಂಡಗಳ ಮೇಲೆ ನವಿರಾದ ರೋಮಗಳಿರುತ್ತವೆ, ಅವು ಹುಳಿ ಜಿನುಗಿಸುತ್ತವೆ. ಅದರಲ್ಲಿ ಮ್ಯಾಲಿಕ್ ಆಸಿಡ್ ಮುಖ್ಯ. ರಾತ್ರಿ ಬಿದ್ದ ಇಬ್ಬನಿಯಲ್ಲಿ ಈ ಹುಳಿ ಕರಗುತ್ತದೆ. ಬಿಸಿಲೇರುವ ಮೊದಲು ತೊಳೆದ ಬಿಳಿ ಧೋತರವನ್ನು ಗಿಡಗಳ ಮೇಲೆ ಎಳೆದುಕೊಂಡು ಹೋದರೆ ಅರಿವೆ ತೊಪ್ಪೆಯಾಗುತ್ತದೆ. ಅದನ್ನು ಹಿಂಡಿ ಸೋಸಿ ಬಿಸಿಲಿಗಿಟ್ಟು ಬಾಟಲಿಗೆ ತುಂಬಿದರೆ ಅದೇ ಕಡಲೆ ಹುಳಿ. ಆಳಂದದ ನಮ್ಮ ಮನೆಯಲ್ಲಿ ಉಪ್ಪಿನಕಾಯಿ ಭರಣಿಯ ಹಿಂದೆ ಅದರ ಬಾಟಲಿ ಇರುತ್ತಿತ್ತು. ಹೊಟ್ಟೆ ಹಿಡಿದುಕೊಂಡು ಅತ್ತರೆ ಅವ್ವ ನೀರಿನಲ್ಲಿ ಒಂದು ಚಮಚ ಬೆರೆಸಿ ಕುಡಿಸುತ್ತಿದ್ದಳು. ಹಲ್ಲು ಜುಮ್ಮೆನ್ನುವ ಆ ರುಚಿ ನೆನೆದರೆ ಈಗಲೂ ನನ್ನ ಬಾಯಲ್ಲಿ ನೀರೂರುತ್ತದೆ. ಶಾಲೆ ತಪ್ಪಿಸಲು ಸುಳ್ಳು ಹೊಟ್ಟೆನೋವು ತಂದುಕೊಂಡವರಿಗೆ ಅದು ಶಿಕ್ಷೆಯೂ ಆಗಿತ್ತು.

ನಾನು ಹೇಳುತ್ತಿರುವ ಸಂಗತಿ ಅತನೂರಿನಿಂದ ಆಚೆಗಿನ ಒಂದು ಊರಿನದು. ಊರಿನ ಹೆಸರು ಬೇಡ, ಅಲ್ಲಿ ಈಗ ಇರುವವರು ಈ ಸಂಗತಿಯಲ್ಲಿ ಬರುವವರ ಮೊಮ್ಮಕ್ಕಳು. ಅಲ್ಲಿ ಹುಳಿ ಹಿಂಡುವ ಹಕ್ಕು ಶಾಂತಾಬಾಯಿಯ ಮನೆತನಕ್ಕೆ ಇತ್ತು. ಊರ ಯಾವುದೇ ಕಡಲೆ ಹೊಲಕ್ಕೆ ಮಾಗಿಯ ಬೆಳಗಿನಲ್ಲಿ ಅವಳು ಧೋತರ ಹಿಡಿದು ಹೋಗಬಹುದು, ಯಾರೂ ತಡೆಯುವಂತಿಲ್ಲ. ಅದಕ್ಕೆ ಬದಲಾಗಿ ವರ್ಷವಿಡೀ ಯಾರೇ ಹೊಟ್ಟೆನೋವೆಂದು ಬಾಗಿಲಿಗೆ ಬಂದರೂ ಅವಳು ಹುಳಿ ಕೊಡಬೇಕು, ಇಲ್ಲ ಎನ್ನುವಂತಿಲ್ಲ. ಈ ಕರಾರು ಯಾವ ಕಾಲದ್ದೋ, ಅವಳ ಅತ್ತೆಗೂ ಗೊತ್ತಿರಲಿಲ್ಲವಂತೆ. ಹೊಲದವರಿಗೆ ಏನೂ ಖರ್ಚಿಲ್ಲ, ಅವಳು ಹುಳಿಗೆ ಬೆಲೆ ಕೇಳುವಂತಿಲ್ಲ.

ಐವತ್ತು ದಾಟಿದ ಹೆಂಗಸು, ಸಣಕಲು ಮೈ, ದೊಡ್ಡ ಕುಂಕುಮ. ನಾಲಿಗೆ ಮಾತ್ರ ಅವಳ ಹುಳಿಗಿಂತ ಚುರುಕು. ಕೇಳಿದವರಿಗೆ ಹುಳಿ ಕೊಡುತ್ತಿದ್ದಳು ನಿಜ. ಆದರೆ ಜೊತೆಗೆ ಹಿಂದಿನ ರಾತ್ರಿ ಏನು ತಿಂದೆ, ಎಷ್ಟು ತಿಂದೆ, ಯಾರ ಮನೆಯಲ್ಲಿ ತಿಂದೆ ಎಂಬ ವಿಚಾರಣೆಯೂ ಇರುತ್ತಿತ್ತು. ಊರಿನ ಅರ್ಧ ಗಂಡಸರು ಅವಳಿಗೆ ಹೆದರುತ್ತಿದ್ದದ್ದು ಇದಕ್ಕೇ. ಮೊದಲ ಸಲ ನನ್ನನ್ನು ಕಂಡಾಗ ತಲೆಯಿಂದ ಕಾಲಿನ ತನಕ ನೋಡಿ, ಇಷ್ಟು ಓದಿದವಳಿಗೆ ಊಟ ಹಾಕುವವರು ಯಾರೂ ಇಲ್ಲವೇ ಎಂದು ಕೇಳಿ, ರೊಟ್ಟಿಗೆ ಕೂರಿಸಿದಳು. ಅಂದಿನಿಂದ ಆ ಊರಿನ ಸರದಿ ಬಂದಾಗ ಊಟ ಅವಳ ಮನೆಯಲ್ಲಿ.

ಆ ವರ್ಷದ ಡಿಸೆಂಬರಿನಲ್ಲಿ ಕಡಲೆ ಹೂ ಬಿಟ್ಟು ಕಾಯಿ ಕಚ್ಚುವ ಹೊತ್ತಿಗೆ ಆಕಾಶ ಮುಚ್ಚಿಕೊಂಡಿತು. ಮಳೆ ಬರಲಿಲ್ಲ, ಬಿಸಿಲೂ ಬರಲಿಲ್ಲ. ಹಗಲು ಮಂಕು, ರಾತ್ರಿ ಸೆಖೆ. ಮಾಗಿಯಲ್ಲಿ ಕೌದಿ ಹೊದೆಯುವ ಜನ ಅಂಗಿ ಬಿಚ್ಚಿ ಮಲಗಿದರು. ಅದರ ಬೆನ್ನಿಗೇ ಕಾಯಿಕೊರಕ ಹುಳು ಬಿತ್ತು. ಹಸಿರು ಬಣ್ಣದ ಹುಳು, ತಲೆಯನ್ನು ಕಾಯಿಯೊಳಗೆ ತೂರಿಸಿ ಹಿಂಭಾಗ ಹೊರಗಿಟ್ಟು ತಿನ್ನುತ್ತದೆ. ಮೋಡದ ದಿನಗಳಲ್ಲಿ ಇದರ ಹಾವಳಿ ಹೆಚ್ಚು ಎಂದು ನಮಗೆ ತರಬೇತಿಯಲ್ಲಿ ಹೇಳಿದ್ದರು. ನಾನು ಊರೂರಿಗೆ ಓಡಾಡಿ ಔಷಧ ಹೊಡೆಯುವ ವಿಧಾನ ಹೇಳುತ್ತಿದ್ದಾಗ ಈ ಊರಿನಿಂದ ಸುದ್ದಿ ಬಂತು. ಶಾಂತಾಬಾಯಿಯನ್ನು ಹೊಲಗಳಿಂದ ಹೊರಗೆ ಹಾಕಿದ್ದಾರೆ, ಅವಳಿಗೆ ‘ಹುಳಿಗಳ್ಳಿ’ ಎಂಬ ಹೆಸರಿಟ್ಟಿದ್ದಾರೆ ಎಂದು.

ಇದರ ಮುಂದಾಳು ಭೀಮರಾಯಪ್ಪ. ಊರಿನಲ್ಲಿ ಎಲ್ಲರಿಗಿಂತ ಹೆಚ್ಚು ಕಡಲೆ ಬಿತ್ತಿದವನು, ನಲವತ್ತರ ಆಸುಪಾಸಿನ ಗಟ್ಟಿ ಆಳು. ಕೆಟ್ಟವನಲ್ಲ. ತಲೆಯೊಳಗೆ ಒಂದು ವಿಚಾರ ಹೊಕ್ಕರೆ ಅದು ಕಾಯಿಯೊಳಗಿನ ಹುಳುವಿನಂತೆ, ಸುಲಭಕ್ಕೆ ಹೊರಗೆ ಬರುತ್ತಿರಲಿಲ್ಲ. ಅವನ ವಾದ ಹೀಗಿತ್ತು: ಕಡಲೆಯ ಹುಳಿ ಗಿಡದ ಕಾವಲು. ಹುಳಿ ಇದ್ದರೆ ಹುಳು ಹತ್ತಿರ ಬರುವುದಿಲ್ಲ. ಇಬ್ಬನಿಯ ಜೊತೆ ಹುಳಿಯನ್ನೂ ಹಿಂಡಿಕೊಂಡು ಹೋದರೆ ಗಿಡ ಬರಿಗೈಲಿ ನಿಲ್ಲುತ್ತದೆ. ಈ ವರ್ಷ ಬೆಳಗ್ಗೆ ಎದ್ದರೆ ಗಿಡದ ಮೇಲೆ ಹನಿ ಇಲ್ಲ, ಇದ್ದದ್ದೆಲ್ಲ ಶಾಂತಾಬಾಯಿಯ ಭರಣಿ ಸೇರಿದೆ, ಹುಳು ಬಿದ್ದದ್ದು ಅದಕ್ಕೇ. ಊರು ಇದನ್ನು ಒಪ್ಪಿತು. ಎತ್ತಿಗೆ ಜ್ವರ ಬಂದರೆ ಎಮ್ಮೆಗೆ ಬರೆ ಎಂಬ ಗಾದೆ ಸುಮ್ಮನೆ ಹುಟ್ಟಿಲ್ಲ.

ನಾನು ಹೋದಾಗ ಶಾಂತಾಬಾಯಿ ಗಂಟು ಕಟ್ಟುತ್ತಿದ್ದಳು. ಜೇವರ್ಗಿ ತಾಲ್ಲೂಕಿನ ಅಂದೋಲಾದಲ್ಲಿ ಅವಳ ತಂಗಿ ಇದ್ದಳು, ಅಲ್ಲಿಗೆ ಹೊರಟಿದ್ದಳು. ಹುಳಿಯ ದೊಡ್ಡ ಭರಣಿ ಮೂಲೆಯಲ್ಲಿ ಬೋರಲು ಬಿದ್ದಿತ್ತು. ಅವಳು ಅಳುತ್ತಿರಲಿಲ್ಲ, ಬೈಯುತ್ತಲೂ ಇರಲಿಲ್ಲ. ಬೈಯದ ಶಾಂತಾಬಾಯಿಯನ್ನು ನಾನು ಅದೇ ಮೊದಲು ನೋಡಿದ್ದು. ನಾನು ಏನೂ ಕೇಳದಿದ್ದರೂ ಅವಳೇ ಹೇಳಿದಳು, “ಭೀಮರಾಯ ಸಣ್ಣಾಂವ ಇದ್ದಾಗಿಂದ ನನಗ ಕಾಕು ಕಾಕು ಅಂತಿದ್ದ, ಅಕ್ಕೋರ. ನಿನ್ನಿ ಚಾವಡಿ ಮುಂದ ನಿಂತು ‘ಆ ಹೆಣ್ಣಮಗಳು’ ಅಂದ.”

ನಮ್ಮ ಕಡೆ ಕಾಕು ಎಂದರೆ ಚಿಕ್ಕಮ್ಮ. ಮರಾಠಿ ಗಡಿಯ ಮಾತು. ಹೊಲಕ್ಕೆ ಬರಬೇಡ ಎಂದದ್ದಕ್ಕಿಂತ ಆ ಒಂದು ಶಬ್ದ ಕಳಚಿಬಿದ್ದದ್ದು ಅವಳಿಗೆ ನೋವಾಗಿತ್ತು. ನಾನು ನಾಲ್ಕು ದಿನ ತಡೆಯುವಂತೆ ಬೇಡಿಕೊಂಡೆ. ಅವಳು ಗಂಟು ಬಿಚ್ಚಲಿಲ್ಲ, ಆದರೆ ಬಸ್ಸು ಹತ್ತಲೂ ಇಲ್ಲ.

ಅಲ್ಲಿಂದ ನೇರ ಭೀಮರಾಯಪ್ಪನ ಹೊಲಕ್ಕೆ ಹೋದೆ. ನನಗೆ ಸಿಟ್ಟು ಬೇಗ ಬರುತ್ತದೆ, ಆಗ ಇನ್ನೂ ಬೇಗ ಬರುತ್ತಿತ್ತು. ಹುಳಿಯ ಬಗ್ಗೆ ಅವನಿಗೆ ಮೊದಲಿನಿಂದಲೂ ಅನುಮಾನವಿತ್ತಂತೆ; ಕರಾರನ್ನೂ ಲೆಕ್ಕಿಸದೆ ಹಂಗಾಮಿನ ಆರಂಭದಲ್ಲಿಯೇ ಹೊಲದ ಸುತ್ತ ಜಾಲಿ ಮುಳ್ಳು ಹಚ್ಚಿ, ರಾತ್ರಿ ಅಲ್ಲೇ ಮಲಗಿ, ಶಾಂತಾಬಾಯಿ ಒಂದು ಸಲವೂ ಕಾಲಿಡದಂತೆ ಕಾದಿದ್ದ. ಒಳಗೆ ನೋಡಿದರೆ ಹುಳು ತುಂಬಿ ತುಳುಕುತ್ತಿತ್ತು. ಅವಳು ಧೋತರ ಎಳೆದಿದ್ದ ಪಕ್ಕದ ಹೊಲದಲ್ಲಿಯೂ ಅಷ್ಟೇ ಇತ್ತು. ಎರಡೂ ಹೊಲದ ಗಿಡಗಳನ್ನು ಕಿತ್ತು ಅವನೆದುರು ಹಿಡಿದು, ಇಲ್ಲಿಗೆ ಅವಳು ಬಂದೇ ಇಲ್ಲವಲ್ಲ, ಈ ಹುಳುವನ್ನು ಯಾರು ಕರೆದರು ಎಂದು ಕೇಳಿದೆ. ಗೆದ್ದೆ ಎಂದೇ ನನ್ನ ಲೆಕ್ಕ.

ಭೀಮರಾಯಪ್ಪ ಗಿಡಗಳನ್ನು ನೋಡಿದ, ನನ್ನನ್ನು ನೋಡಿದ, ಸಾವಕಾಶವಾಗಿ ಹೇಳಿದ: “ಅಕ್ಕೋರ, ನನ್ನ ಬಾವಿ ಮಗ್ಗಲಕ ಇನ್ನೊಬ್ಬಂವ ಬಾವಿ ತೋಡಿ ಹಗಲೆಲ್ಲಾ ನೀರು ಎತ್ತಿದರ, ನನ್ನ ಬಾವಿ ಇಳಿಯೂದಿಲ್ಲೇನ್ರಿ? ಇಬ್ಬನೀನೂ ಹಂಗs. ಮ್ಯಾಲಿಂದ ಬೀಳೂದು ಎಲ್ಲಾರಿಗೂ ಕೂಡಿ ಒಂದs. ಆಕಿ ಅಲ್ಲಿ ಹಿಂಡಿದರ ಇಲ್ಲಿ ಕಮ್ಮಿ ಆಗ್ತದ.”

 ಅವನು ಹೇಳಿದ್ದು ತಪ್ಪು ಎಂದು ನನಗೆ ಗೊತ್ತಿತ್ತು. ಆದರೆ ಅದು ದಡ್ಡನ ಮಾತಾಗಿರಲಿಲ್ಲ. ಬಾವಿಯ ವಿಷಯದಲ್ಲಿ ಅವನು ಹೇಳಿದ್ದು ಅಕ್ಷರಶಃ ಸರಿ, ಇಬ್ಬನಿಗೆ ಅದು ಯಾಕೆ ಅನ್ವಯಿಸುವುದಿಲ್ಲ ಎಂದು ತೋರಿಸುವುದು ನನ್ನ ಕೆಲಸ. ಇಬ್ಬನಿ ಮೇಲಿನಿಂದ ಬೀಳುವುದಿಲ್ಲ, ಗಾಳಿಯಲ್ಲಿ ಕಣ್ಣಿಗೆ ಕಾಣದ ನೀರಿನ ಆವಿ ಇರುತ್ತದೆ, ಎಲೆ ತಣ್ಣಗಾದಾಗ ಅದು ಎಲೆಯ ಮೇಲೇ ಹನಿಯಾಗುತ್ತದೆ ಎಂದು ಅಲ್ಲೇ ಬದುವಿನ ಮೇಲೆ ಕುಳಿತು ಹೇಳಿದೆ. ಡ್ಯೂ ಪಾಯಿಂಟ್ ಎಂದೂ ಒಂದು ಸಲ ಬಾಯಿ ತಪ್ಪಿ ಬಂತು. ಗಾಳಿ ಎಷ್ಟು ತಣ್ಣಗಾದರೆ ಅದರೊಳಗಿನ ಆವಿ ನೀರಾಗುತ್ತದೋ ಆ ಮಟ್ಟದ ಹೆಸರು ಅದು. ಸುತ್ತ ಸೇರಿದ್ದ ನಾಲ್ಕಾರು ಜನ ಬಾಯಿಗೆ ಟವೆಲು ಅಡ್ಡ ಹಿಡಿದು ನಕ್ಕರು.

ಭೀಮರಾಯಪ್ಪ ನಗಲಿಲ್ಲ. ನನ್ನನ್ನು ಹೊಲದ ಮೂಲೆಗೆ ಕರೆದುಕೊಂಡು ಹೋಗಿ ತನ್ನ ಪ್ರಯೋಗ ತೋರಿಸಿದ. ಮೋಡ ಕವಿಯುವ ಮೊದಲು ಅಲ್ಲಿ ನಾಲ್ಕು ಗೂಟ ನೆಟ್ಟು, ಗಿಡಗಳ ಮೇಲೆ ಹೆಂಡತಿಯ ಹಳೆಯ ಸೀರೆಯನ್ನು ಚಪ್ಪರದಂತೆ ಕಟ್ಟಿದ್ದನಂತೆ. ಬೆಳಗ್ಗೆ ಸೀರೆಯ ಮೇಲ್ಮೈ ಒದ್ದೆ, ಕೆಳಗಿನ ಗಿಡ ಒಣ. ಮೇಲಿನಿಂದ ಬೀಳದಿದ್ದರೆ ಸೀರೆ ಅದನ್ನು ತಡೆದದ್ದು ಹೇಗೆ ಎಂದು ಕೇಳಿದ. ಇಡೀ ತಾಲ್ಲೂಕಿನಲ್ಲಿ ಇಬ್ಬನಿಯ ಮೇಲೆ ಪ್ರಯೋಗ ಮಾಡಿದ ಒಬ್ಬನೇ ಮನುಷ್ಯ ನನ್ನ ಎದುರಾಳಿಯಾಗಿದ್ದ. ಊರ ಹಿರಿಯ ಸಿದ್ರಾಮಪ್ಪ ನಡುವೆ ಬಂದು, ಬರುವ ಗುರುವಾರ ಚಾವಡಿಯಲ್ಲಿ ಎಲ್ಲರೂ ಕೂಡೋಣ, ಅಕ್ಕೋರು ಹೇಳುವುದನ್ನು ಕಣ್ಣಿಗೆ ಕಾಣುವಂತೆ ತೋರಿಸಲಿ, ತೋರಿಸಿದರೆ ಶಾಂತಾಬಾಯಿಯ ಹಕ್ಕು ಉಳಿಯುತ್ತದೆ, ಇಲ್ಲದಿದ್ದರೆ ಇಲ್ಲ ಎಂದು ತೀರ್ಮಾನ ಮಾಡಿದ.

ನಮ್ಮ ಮೇಲಧಿಕಾರಿಗಳಿಗೆ ವಿಷಯ ತಿಳಿಸಿದೆ. ಹುಳುವಿಗೆ ಔಷಧ ಹೇಳುವುದು ನಮ್ಮ ಇಲಾಖೆಯ ಕೆಲಸ, ಹುಳಿಯ ವ್ಯಾಜ್ಯದಲ್ಲಿ ಮೂಗು ತೂರಿಸಬೇಡಿ ಎಂದರು. ಅವರ ಕಡೆಯಿಂದ ನೋಡಿದರೆ ಅದೂ ಸರಿಯೇ. ನಾನು ಒಂದು ದಿನ ರಜೆ ಬರೆದುಕೊಟ್ಟೆ.

ತೋರಿಸುವುದೇನನ್ನು? ಮೋಡ ಇರುವ ತನಕ ಹೊಲದಲ್ಲಿ ಇಬ್ಬನಿ ಬೀಳುವುದಿಲ್ಲ, ತೋರಿಸಲು ಇಬ್ಬನಿಯೇ ಬೇಕು. ಇದೇ ಯೋಚನೆಯಲ್ಲಿ ಅಫಜಲಪುರದ ಬಸ್ ಸ್ಟ್ಯಾಂಡಿನಲ್ಲಿ ನಿಂತಿದ್ದೆ. ಭೀಮಾ ನದಿಯ ಮೀನನ್ನು ಗುಲ್ಬರ್ಗಕ್ಕೆ ಸಾಗಿಸುವ ವ್ಯಾಪಾರಿಯೊಬ್ಬ ತಗಡಿನ ಡಬ್ಬಿಗಳನ್ನು ಜೋಡಿಸಿಕೊಂಡು ಲಾರಿಗೆ ಕಾಯುತ್ತಿದ್ದ. ಡಬ್ಬಿಯೊಳಗೆ ಬರ್ಫು, ಅಂದರೆ ಮಂಜುಗಡ್ಡೆ. ಹೊರಮೈ ತುಂಬ ಹನಿ ಕಟ್ಟಿ ಧಾರೆಯಾಗಿ ಇಳಿಯುತ್ತಿತ್ತು. ನಾನು ಹೋಗಿ ಡಬ್ಬಿಯ ಮೇಲೆ ಕೈ ಆಡಿಸಿದೆ. ಅಲ್ಲಿದ್ದವರು ಮೀನು ಬೇಕೇನು ಎಂದು ಕೇಳಿದರು. ಮೀನು ಎಂಬ ಶಬ್ದವನ್ನೂ ನಮ್ಮ ಮನೆಯಲ್ಲಿ ಆಡುತ್ತಿರಲಿಲ್ಲ. ಮೀನು ಬೇಡ, ಗುರುವಾರ ನನಗೊಂದಿಷ್ಟು ಬರ್ಫು ಕೊಡು ಎಂದು ಹೇಳಿ ಬಂದೆ.

ಗುರುವಾರ ಬೆಳಗ್ಗೆ ಬರ್ಫಿನ ಗಡ್ಡೆಯನ್ನು ಕಟ್ಟಿಗೆ ಹೊಟ್ಟಿನಲ್ಲಿ ಹುದುಗಿಸಿ, ಗೋಣಿಚೀಲದಲ್ಲಿ ಸುತ್ತಿ ಬಸ್ಸು ಹತ್ತಿದೆ. ಆ ಕಾಲದಲ್ಲಿ ಹಳ್ಳಿಯ ಕಡೆ ಬರ್ಫು ಹೋಗುತ್ತಿದ್ದದ್ದು ಒಂದೇ ಕಾರಣಕ್ಕೆ. ದೂರದ ಮಗನೋ ಮಗಳೋ ಬರುವ ತನಕ ಹೆಣ ಕೆಡದಂತೆ ಕಾಯಲು. ಗೋಣಿಯಿಂದ ನೀರು ಸೋರುವುದನ್ನು ಕಂಡು ಪಕ್ಕದ ಸೀಟಿನ ಮುದುಕಿ ನನ್ನ ಕೈ ಹಿಡಿದು, ಯಾರು ಹೋದರವ್ವ ಎಂದು ಕೇಳಿ ಕಣ್ಣಿಗೆ ಸೆರಗು ಹಚ್ಚಿದಳು. ಯಾರೂ ಹೋಗಿಲ್ಲ, ಕಡಲೆ ಹೊಲದ ಸಲುವಾಗಿ ಎಂದೆ. ಅವಳು ನನ್ನ ದುಃಖಕ್ಕೆ ಬುದ್ಧಿ ಪಲ್ಲಟವಾಗಿದೆ ಎಂದು ತಿಳಿದು ಇನ್ನೂ ಜೋರಾಗಿ ಅತ್ತಳು. ಅತನೂರ ದಾಟಿದ ಮೇಲೆ ಬಸ್ಸು ಪಂಕ್ಚರ್ ಆಯಿತು. ಸ್ಟೆಪ್ನಿಯಲ್ಲೂ ಗಾಳಿ ಇರಲಿಲ್ಲ. ನಾನು ಗೋಣಿಯನ್ನು ತೊಡೆಯ ಮೇಲಿಟ್ಟುಕೊಂಡು, ಒಳಗೆ ಎಷ್ಟು ಉಳಿದಿದೆಯೋ ಎಂದು ಒತ್ತಿ ಒತ್ತಿ ನೋಡುತ್ತ ಕುಳಿತೆ. ಸೀರೆ ತೊಯ್ದು ಮೀನಿನ ವಾಸನೆ ಹೊಡೆಯುತ್ತಿತ್ತು. ಕರಗುತ್ತಿದ್ದದ್ದು ಶಾಂತಾಬಾಯಿಯ ಹಕ್ಕು ಎಂದು ನನಗೆ ಅನ್ನಿಸಿ ಅಳು ಬಂದಂತಾಯಿತು.

ಚಾವಡಿ ಸೇರಿ ಗೋಣಿ ಬಿಚ್ಚಿದಾಗ ದೊಡ್ಡ ಗಡ್ಡೆಯಲ್ಲಿ ಉಳಿದದ್ದು ನಿಂಬೆಹಣ್ಣಿನ ಗಾತ್ರದ ಎರಡು ಮೂರು ಚೂರು. ಹಿರಿಯರು ಮೂಗು ಮುಚ್ಚಿಕೊಂಡರು. ಗಂಡಸರು ಕಟ್ಟೆಯ ಮೇಲೆ, ಹೆಂಗಸರು ಕೆಳಗೆ ಬೇವಿನ ಮರದ ಹತ್ತಿರ ನಿಂತಿದ್ದರು. ಶಾಂತಾಬಾಯಿ ಅವರಿಗಿಂತ ಸ್ವಲ್ಪ ಆಚೆ ಒಬ್ಬಳೇ ನಿಂತಿದ್ದಳು. ಸಿದ್ರಾಮಪ್ಪನ ಮನೆಯಿಂದ ಎರಡು ಸ್ಟೀಲ್ ಲೋಟ ತರಿಸಿದೆ. ಒಳಗೂ ಹೊರಗೂ ಒಣಗಿವೆ ಎಂದು ಎಲ್ಲರ ಕೈಗೂ ಕೊಟ್ಟು ನೋಡಿಸಿದೆ. ಎರಡಕ್ಕೂ ನೀರು ಹಾಕಿ, ಬರ್ಫಿನ ಚೂರು ಬಿಟ್ಟು, ಚಾವಡಿಯ ಮಾಳಿಗೆಯ ಕೆಳಗೆ ಪಕ್ಕಪಕ್ಕದಲ್ಲಿ ಇಟ್ಟೆ.

ಮೊದಲು ಲೋಟದ ಹೊಳಪು ಮಸುಕಾಯಿತು. ಆಮೇಲೆ ಸಾಸಿವೆಯಷ್ಟು ಹನಿಗಳು ಎದ್ದವು. ಆಮೇಲೆ ಹನಿಗೆ ಹನಿ ಕೂಡಿ ಇಳಿಯತೊಡಗಿತು. ಇಲ್ಲಿ ಮೇಲೆ ಆಕಾಶವಿಲ್ಲ, ಮಾಳಿಗೆ ಇದೆ, ಇದು ಎಲ್ಲಿಂದ ಬಿತ್ತು ಎಂದು ಕೇಳಿದೆ. ಲೋಟ ಸೋರುತ್ತಿರಬೇಕು ಎಂದು ಯಾರೋ ಹಿಂದಿನಿಂದ ಅಂದರು. ತನ್ನ ಮನೆಯ ಲೋಟಕ್ಕೆ ತೂತು ಹೇಳಿದವನು ಯಾರು ಎಂದು ಸಿದ್ರಾಮಪ್ಪ ಕಣ್ಣು ಕೆಂಪಗೆ ಮಾಡಿ ಹಿಂದಕ್ಕೆ ತಿರುಗಿದ. ಅಲ್ಲಿಗೆ ಆ ವಾದ ಮುಗಿಯಿತು.

ನಾನು ಭೀಮರಾಯಪ್ಪನನ್ನು ಕರೆದು, ಅವನ ಹೆಗಲ ಮೇಲಿನ ಟವೆಲಿನಿಂದಲೇ ಎಡಗಡೆಯ ಲೋಟವನ್ನು ಒರೆಸಲು ಹೇಳಿದೆ. ಅವನು ಒರೆಸಿದ. ಮತ್ತೆ ಹನಿ ಕಟ್ಟಿತು, ಮತ್ತೆ ಒರೆಸಿದ. ಎಷ್ಟು ಸಲ ಒರೆಸಿದನೋ, ಟವೆಲಿನ ಅಂಚು ಒದ್ದೆಯಾಯಿತು.  ಬಲಗಡೆಯ ಲೋಟ ತನ್ನ ಪಾಡಿಗೆ ತಾನು ಬೆವರುತ್ತಿತ್ತು.

“ನೀವು ಈ ಲೋಟ ಇಷ್ಟ ಒರಸಿದ್ರಿ, ಭೀಮರಾಯಪ್ಪನವರ,” ಎಂದೆ. “ಆ ಲೋಟದ ನೀರು ಏನರೆ ಕಮ್ಮಿ ಆತೇನ್ರಿ?”

ಅವನು ಬಲಗಡೆಯ ಲೋಟವನ್ನು ಎತ್ತಿ ಬೆಳಕಿಗೆ ಹಿಡಿದು ಸುತ್ತಲೂ ತಿರುಗಿಸಿ ನೋಡಿದ.  ಆಮೇಲೆ, “ಈ ನೀರು ಗಾಳ್ಯಾಗ ಇತ್ತೇನ್ರಿ?” ಎಂದು ಕೇಳಿದ. ಇತ್ತು ಎಂದೆ. “ಹಂಗಾದರ ಗಾಳಿ ಖಾಲಿ ಆಗೂದಿಲ್ಲೇನ್ರಿ?”

ಮತ್ತೆ ಒಳ್ಳೆಯ ಪ್ರಶ್ನೆ. ಒಂದು ಊರಿನ ಮೇಲಿನ ಗಾಳಿಯನ್ನೆಲ್ಲ ಹಿಂಡಿ ಖಾಲಿ ಮಾಡುವುದಕ್ಕೆ ಊರಿನಷ್ಟೇ ದೊಡ್ಡ ಧೋತರ ಬೇಕು, ಅವಳ ಹತ್ತಿರ ಇರುವುದು ಗಂಡನ ಹಳೆಯ ಧೋತರ ಒಂದೇ ಎಂದೆ. ಹೆಂಗಸರ ಗುಂಪಿನಲ್ಲಿ ನಗು ಎದ್ದಿತು, ಅದು ಮೆಲ್ಲಗೆ ಕಟ್ಟೆಗೂ ಹತ್ತಿತು. ಆ ನಗುವಿನಲ್ಲಿ ನನಗೆ ಧೈರ್ಯ ಬಂತು. ಬಾವಿಯ ನೀರು ಎಲ್ಲರಿಗೂ ಕೂಡಿ ಒಂದೇ, ಆದರೆ ಇಬ್ಬನಿಯನ್ನು ಪ್ರತಿ ಎಲೆಯೂ ತನ್ನ ಮೈಮೇಲೆ ತಾನೇ ಕಟ್ಟಿಕೊಳ್ಳುತ್ತದೆ ಎಂದು ಹೇಳಿದೆ.

ಇನ್ನು ಸೀರೆಯ ಮಾತು. ಹಗಲು ಕಾದ ನೆಲ, ಗಿಡ ಎಲ್ಲವೂ ರಾತ್ರಿ ತಮ್ಮ ಕಾವನ್ನು ಆಕಾಶಕ್ಕೆ ಬಿಟ್ಟುಕೊಡುತ್ತವೆ. ಇದಕ್ಕೆ ರೇಡಿಯೇಶನ್ ಎನ್ನುತ್ತಾರೆ. ಬಯಲಿಗೆ ಮೈ ಒಡ್ಡಿದ ಎಲೆ ಹೀಗೆ ಸುತ್ತಲಿನ ಗಾಳಿಗಿಂತ ತಣ್ಣಗಾಗುತ್ತದೆ, ಅದರ ಮೇಲೆ ಹನಿ ಕಟ್ಟುತ್ತದೆ. ಮೇಲೆ ಸೀರೆ ಕಟ್ಟಿದರೆ ಕಾವು ಹೊರಗೆ ಹೋಗುವುದಿಲ್ಲ, ಗಿಡ ಬೆಚ್ಚಗಿರುತ್ತದೆ. ಬಯಲನ್ನು ನೋಡುವ ಸೀರೆಯೇ ತಣ್ಣಗಾಗಿ ತೊಯ್ಯುತ್ತದೆ. ಮರದ ಕೆಳಗೆ ಹುಲ್ಲು ಒಣಗಿರುವುದೂ ಇದಕ್ಕೇ. ನೀವು ಒಂದು ಮೂಲೆಗೆ ಸೀರೆ ಕಟ್ಟಿದಿರಿ, ಈಗ ಆಕಾಶ ಇಡೀ ಸೀಮೆಗೆ ಮೋಡದ ಕೌದಿ ಹೊಚ್ಚಿದೆ, ಗಿಡಗಳಿಗೆ ಥಂಡಿ ಹತ್ತುತ್ತಿಲ್ಲ, ಹನಿ ಇಲ್ಲ, ಆ ಬೆಚ್ಚಗಿನಲ್ಲೇ ಹುಳು ಹೆಚ್ಚಿದೆ ಎಂದೆ. ಹುಳಿ ಹುಳುವಿಗೆ ಆಗುವುದಿಲ್ಲ ಎಂಬ ಅವನ ಮಾತಿನಲ್ಲಿ ನಿಜವಿದೆ ಎಂದೂ ಒಪ್ಪಿಕೊಂಡೆ. ಆದರೆ ಒರೆಸಿದ ಲೋಟ ಮತ್ತೆ ಬೆವರುವಂತೆ ಗಿಡವೂ ಮತ್ತೆ ಹುಳಿ ಜಿನುಗಿಸುತ್ತದೆ. ಅವಳು ಒಂದು ಹೊಲಕ್ಕೆ ಹೋದರೆ ಕೆಲವು ಸಾಲು ಎಳೆದು ಮುಂದೆ ಹೋಗುತ್ತಾಳೆ.

ಆಗ ಕೆಳಗಿನಿಂದ ಶಾಂತಾಬಾಯಿಯ ದನಿ ಕೇಳಿತು. ಚಾವಡಿಯಲ್ಲಿ ಅವಳು ಆಡಿದ್ದು ಅಷ್ಟೇ ಮಾತು. “ಮ್ವಾಡ ಕವಿದಾಗಿಂದ ನನ್ನ ಧೋತರ ಒಣಗಿದ್ದು ಒಣಗೇ ಅದ. ಇಲ್ಲದ್ದು ನಾ ಹ್ಯಾಂಗ ಕದೀಲಿ?”

ಸಿದ್ರಾಮಪ್ಪ ಭೀಮರಾಯಪ್ಪನ ಮುಖ ನೋಡಿದ. ಅವನು ಟವೆಲನ್ನು ಹಿಂಡಿ ಕೊಡವಿ ಹೆಗಲಿಗೆ ಹಾಕಿಕೊಂಡ. ಲೋಟದ ಮಾತು ಒಪ್ಪಿದೆ, ಹೊಲದ ಮಾತನ್ನು ಹೊಲದಲ್ಲಿಯೇ ನೋಡಬೇಕು, ಆಕಾಶ ತಿಳಿಯಾದ ಮೊದಲ ಬೆಳಗ್ಗೆ ಎಲ್ಲರಿಗಿಂತ ಮುಂಚೆ ಅವಳು ನನ್ನ ಹೊಲಕ್ಕೇ ಬರಲಿ ಎಂದು ಹೇಳಿ ಎದ್ದು ಹೋದ. ಕಾಕು ಎನ್ನಲಿಲ್ಲ. ಹಕ್ಕು ಉಳಿಯಿತು ಎಂದು ಊರು ತೀರ್ಮಾನಿಸಿದರೂ ಅವಳು ಗಂಟು ಬಿಚ್ಚಲಿಲ್ಲ. ನಾನು ಔಷಧ ಹೊಡೆಯುವುದನ್ನು ಎಲ್ಲರಿಗೂ ಹೇಳಿಕೊಟ್ಟು ಅಫಜಲಪುರಕ್ಕೆ ಮರಳಿದೆ. ಅಂದಿನಿಂದ ದಿನಾ ಸಂಜೆ ಬಾಡಿಗೆ ಮನೆಯ ಮಾಳಿಗೆ ಹತ್ತಿ ಆಕಾಶ ನೋಡುವುದೇ ಒಂದು ಕೆಲಸವಾಯಿತು.

ಕೆಲವು ದಿನಗಳ ಮೇಲೆ ಒಂದು ಸಂಜೆ ಮೋಡ ಹರಿದು ಚುಕ್ಕಿಗಳು ಕಂಡವು. ಕೊನೆಯ ಬಸ್ಸಿಗೆ ಹೋಗಿ ಶಾಂತಾಬಾಯಿಯ ಮನೆಯಲ್ಲಿ ಉಳಿದೆ. ಬೆಳಗಿನ ಜಾವ ಥಂಡಿಗೆ ಹಲ್ಲು ಕಟಕಟ ಎನ್ನುತ್ತಿತ್ತು. ಇಬ್ಬರೂ ಕೌದಿ ಹೊದ್ದು ಹೊಲಕ್ಕೆ ನಡೆದೆವು. ಬೆಳಕು ಹರಿಯುವಾಗ ನೋಡುತ್ತೇನೆ, ಕಡಲೆ ಹೊಲ ಇಡಿಯಾಗಿ ಬೂದಿ ಬಣ್ಣಕ್ಕೆ ತಿರುಗಿದೆ. ಒಂದೊಂದು ಎಲೆಯ ಅಂಚಿಗೂ ಹನಿ. ಭೀಮರಾಯಪ್ಪನ ಹೊಲದ ಜಾಲಿಮುಳ್ಳು ಒಂದು ಕಡೆ ಸರಿಸಿ ದಾರಿ ಮಾಡಿತ್ತು. ಒಳಗೆ ಗಿಡಗಳ ಮೇಲೆ ಉದ್ದಕ್ಕೆ ಏನೋ ಹಾಸಿತ್ತು. ಹತ್ತಿರ ಹೋದರೆ ಅವನ ತಲೆಯ ರುಮಾಲು. ಬಿಚ್ಚಿ, ತೊಳೆದು, ಸಂಜೆಯೇ ಹಾಸಿಟ್ಟಿದ್ದ. ನಮ್ಮ ಕಡೆ ಗಂಡಸು ರುಮಾಲನ್ನು ಸುಮ್ಮನೆ ಯಾರ ಮುಂದೆಯೂ ಇಳಿಸುವುದಿಲ್ಲ. ಬರಿದಲೆಯಲ್ಲಿ ಅವನು ಬದುವಿನ ಮೇಲೆ ನಿಂತಿದ್ದ.

ಶಾಂತಾಬಾಯಿ ರುಮಾಲನ್ನು ಎತ್ತಿ ಹಿಂಡಿದಳು. ಗಾಜಿನ ಬಾಟಲಿಗೆ ಧಾರೆ ಇಳಿಯಿತು. ಆಮೇಲೆ ತನ್ನ ಧೋತರ ಬಿಚ್ಚಿ ಸಾಲಿನ ಮೇಲೆ ಎಳೆಯುತ್ತ ಹೋದಳು. ಅವಳು ನಾಲ್ಕು ಹೆಜ್ಜೆ ಎಳೆದಳೋ ಇಲ್ಲವೋ, ಭೀಮರಾಯಪ್ಪ ಬದು ದಾಟಿ ಪಕ್ಕದವರ ಹೊಲಕ್ಕೆ ಹೋಗಿ ಬಗ್ಗಿ ಎಲೆ ಮುಟ್ಟಿ ನೋಡಿದ. ಅವಳು ಮತ್ತೆ ಎಳೆದಳು. ಅವನು ಇನ್ನೊಂದು ಕಡೆಗೆ ಹೋಗಿ ಮುಟ್ಟಿ ನೋಡಿದ. ಅವಳು ಹಿಂಡುತ್ತಿದ್ದಾಗಲೂ ನೋಡಿದ. ಬರ್ಫಿನ ಲೋಟವನ್ನು ಒಪ್ಪಿದ್ದರೂ ಅವನು ತನ್ನ ಬೆರಳನ್ನೇ ನಂಬುವ ಮನುಷ್ಯ.

ಕೊನೆಗೆ ಶಾಂತಾಬಾಯಿ ನೆಟ್ಟಗೆ ನಿಂತು ಸೊಂಟಕ್ಕೆ ಕೈ ಕೊಟ್ಟಳು. ದನಿಯಲ್ಲಿ ಹಳೆಯ ಖಾರ ಮರಳಿ ಬಂದಿತ್ತು. “ಏನಪಾ ಭೀಮರಾಯ, ಬಾವಿ ಇಳೀತೇನು?”

ಅವನು ಎರಡೂ ಅಂಗೈಯನ್ನು ಎಲೆಗಳ ಮೇಲೆ ಸವರಿದ. ಒದ್ದೆ ಕೈಯಿಂದ ಮುಖ ಒರೆಸಿಕೊಂಡ.

“ಇಳಿದಿಲ್ಲ ಕಾಕು,” ಎಂದ. “ತುಂಬ್ಯಾದ.”

 ಶಾಂತಾಬಾಯಿ ಧೋತರವನ್ನು ಮತ್ತೆ ಹರವಿ ಮುಂದಿನ ಸಾಲಿಗೆ ಬಾಗಿದಳು.  ಮನೆಗೆ ಮರಳಿದ ಮೇಲೆ ಮೊದಲು ಗಂಟು ಬಿಚ್ಚಿದಳು, ಆಮೇಲೆ ಭರಣಿ ತೊಳೆದಳು.

ಮುಂದೆ ನನಗೆ ಜೇವರ್ಗಿಗೆ ವರ್ಗವಾಯಿತು. ಮದುವೆಯಾಗಿ, ಮಕ್ಕಳಾಗಿ ಅಲ್ಲಿಯೇ ನೆಲೆಸಿದೆ. ಪ್ರತಿ ವರ್ಷ ಮಾಗಿ ಮುಗಿಯುವ ಹೊತ್ತಿಗೆ ಬಸ್ಸಿನ ಕಂಡಕ್ಟರ್ ಒಬ್ಬ ಹಳೆಯ ಬಾಟಲಿಯೊಂದನ್ನು ತಂದು ಕೊಡುತ್ತಿದ್ದ. ಶಾಂತಾಬಾಯಿಯ ಹುಳಿ, ಭೀಮರಾಯಪ್ಪನ ಕೈಯಿಂದ ಬಂದದ್ದು. ಜೊತೆಗೆ ಒಂದು ಹೇಳಿಕೆ. ಅದರ ಅರ್ಥ ಕಂಡಕ್ಟರಿಗೆ ತಿಳಿಯುತ್ತಿರಲಿಲ್ಲ. ಬಾವಿ ತುಂಬಿದೆ ಅಂತ ಹೇಳಬೇಕಂತೆ ಅಕ್ಕೋರಿಗೆ, ಇಷ್ಟೇ ಹೇಳಿ ಹೋಗುತ್ತಿದ್ದ. ತೊಂಬತ್ತರ ದಶಕದಲ್ಲಿ ಒಂದು ಮಾಗಿ ಬಾಟಲಿ ಬಂತು, ಹೇಳಿಕೆ ಬರಲಿಲ್ಲ. ಶಾಂತಾಬಾಯಿ ಹೋಗಿದ್ದಳು. ಆ ಸಲದ ಹುಳಿಯನ್ನು ಭೀಮರಾಯಪ್ಪ ತಾನೇ ಹಿಂಡಿ ಕಳಿಸಿದ್ದ. ಬಾಗಿಲಿಗೆ ಬಂದವರಿಗೆ ಇಲ್ಲ ಎನ್ನದೆ ಕೊಡುವ ಕರಾರನ್ನೂ ತಾನೇ ಹೊತ್ತುಕೊಂಡಿದ್ದನಂತೆ. ಆ ಬಾಟಲಿಯನ್ನು ನಾನು ತೆರೆಯಲಿಲ್ಲ, ಅದು ಈಗಲೂ ಉಪ್ಪಿನಕಾಯಿ ಭರಣಿಯ ಹಿಂದೆ ಇದೆ.

ಸೇವೆಯುದ್ದಕ್ಕೂ ಅನೇಕ ತರಬೇತಿಗಳಲ್ಲಿ ಕುಳಿತೆ, ಅನೇಕರಿಗೆ ತರಬೇತಿ ಕೊಟ್ಟೆ. ನನ್ನ ಕೆಲಸದ ನಿಜವಾದ ಪಾಠವನ್ನು ಮಾತ್ರ ನಾನು ಕಲಿತದ್ದು ಆ ಬದುವಿನ ಮೇಲೆ. ರೈತ ಒಪ್ಪದಿದ್ದರೆ ಅವನ ಪ್ರಶ್ನೆ ಇನ್ನೂ ಮುಗಿದಿಲ್ಲ ಎಂದು ಅರ್ಥ. ಅವನು ಬಾವಿ ಎಂದರೆ ನಾವು ಬಾವಿಯ ತನಕ ಹೋಗಬೇಕು, ಅವನ ಕೈಗೆ ಟವೆಲು ಕೊಟ್ಟು ಅವನೇ ಒರೆಸಿ ನೋಡುವಂತೆ ಮಾಡಬೇಕು. ಆಮೇಲೆ ಅವನು ಎಲೆ ಮುಟ್ಟಿ ನೋಡುವಾಗ ಬದುವಿನ ಮೇಲೆ ಸುಮ್ಮನೆ ನಿಂತು ಕಾಯಬೇಕು. ಇಂದಿಗೂ ಮಾಗಿಯ ಬೆಳಗ್ಗೆ ಅಂಗಳದ ತುಳಸಿಗೆ ಹನಿ ಕಟ್ಟಿರುವುದನ್ನು ಕಂಡರೆ ನನ್ನ ಕೈ ತಾನಾಗಿ ಮುಂದೆ ಹೋಗುತ್ತದೆ. ಒಂದು ಎಲೆ ಒರೆಸುತ್ತೇನೆ, ಪಕ್ಕದ ಎಲೆಯನ್ನು ನೋಡುತ್ತೇನೆ. ಅದರ ಹನಿ ಅಲ್ಲೇ ಇರುತ್ತದೆ.